ತಿರುಗುವ ಪೈಪಿನ ಕೊನೆಯ ಮೂತಿ

ಬೀದಿಯಲ್ಲಿ ಎಲ್ಲರೂ ಅವನನ್ನು ನಲ್ಲಿಯಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು. ಮದುವೆಯ ಗೊಡವೆಗೆ ಹೋದವನಲ್ಲ. ಅಕ್ಕನ ಮನೆಯ ಮಹಡಿಯಲ್ಲಿ ಒಂದು ಕೋಣೆ, ಅಕ್ಕನ ಕೈ ಊಟ, ಊಟದ ಜೊತೆಗೆ ಒಂದಿಷ್ಟು ಬೈಗುಳ, ಇಷ್ಟರಲ್ಲೇ ಹಾಯಾಗಿದ್ದ. ಅವನದು ಒಂದೇ ಹಟ: ನೀರು ಎಲ್ಲರಿಗೂ ಸಮನಾಗಿ ಬರಬೇಕು. ಕೆಳಗಿನ ಮನೆಗೆ ಧೋ ಎಂದು ಬಂದು ಮೂರನೆಯ ಮಹಡಿಗೆ ತೊಟ್ಟಿಕ್ಕಿದರೆ ಅವನಿಗೆ ಮೈಯೆಲ್ಲ ಉರಿ. ಕರೆಯದಿದ್ದರೂ ಸ್ಪ್ಯಾನರ್ ಹಿಡಿದು ಹೋಗಿ ಸರಿ ಮಾಡಿ ಬರುತ್ತಿದ್ದ.

ಅಕ್ಕ ಟೈಲರ್. ಹೊಲಿಗೆ ಯಂತ್ರ ತುಳಿದು ತುಳಿದು ಮೊಣಕಾಲು ಹೋಗಿತ್ತು. ಅಂಗಡಿ ಮುಚ್ಚಿ ಕಾಲು ಚಾಚಿ ಕೂರಬೇಕೆಂದು ಆಕೆ ಕೂಡಿಟ್ಟ ಗಂಟಿನ ಮೇಲೆ ಆಗ ಒಂದು ಕಂಪನಿಯವರ ಕಣ್ಣು ಬಿತ್ತು. ಮರಳುಗಾಡಿನ ಆಳದಿಂದ ನೀರೆತ್ತಿ ಸಾವಿರಾರು ಎಕರೆ ಗೋಧಿ ಬೆಳೆಯುತ್ತಾರಂತೆ, ಪಾಲು ಹಾಕಿದವರಿಗೆ ಬೆಳೆಯಲ್ಲಿ ಪಾಲಂತೆ.

"ಮರಳಲ್ಲಿ ಗೋಧಿ ಅಂದ್ರೆ ನಗು ಬರತ್ತೆ ಕಣೋ. ಹಾಕಲಾ, ಬೇಡ್ವಾ?" ಎಂದು ಅಕ್ಕ ಕೇಳಿದಳು.

ನಲ್ಲಿಯಣ್ಣ ಸ್ವತಃ ಹೋಗಿ ನೋಡಿದ. ನೋಡಿ ಮರುಳಾದ. ನಡುವಿನ ಬೋರಿಗೆ ಒಂದು ತುದಿ ಕಟ್ಟಿದ ಉದ್ದನೆಯ ಪೈಪು ಗಾಲಿಗಳ ಮೇಲೆ ನಿಂತು, ಮೆಲ್ಲಗೆ ಸುತ್ತು ಹಾಕುತ್ತಾ ನೀರು ಸಿಂಪಡಿಸುತ್ತಿತ್ತು. ಸುತ್ತ ಬೂದು ಮರಳು, ನಡುವೆ ದುಂಡಗೆ ಹಸಿರು. ಪೈಪು ರಿಪೇರಿಗೆ ಜನ ಬೇಕೆಂದು ತಿಳಿದದ್ದೇ ತಡ, ಅಲ್ಲೇ ಕೆಲಸಕ್ಕೆ ಸೇರಿಕೊಂಡ.

"ಹಾಕಕ್ಕ, ನಾನೇ ಇರ್ತೀನಲ್ಲ ಇಲ್ಲಿ!" ಎಂದು ಫೋನಿನಲ್ಲಿ ಕೂಗಿದ. ಅಕ್ಕ ಹಿಂದೆ ಮುಂದೆ ನೋಡದೆ ಇದ್ದದ್ದನ್ನೆಲ್ಲ ಹಾಕಿಬಿಟ್ಟಳು. ಬ್ಯಾಂಕಿನಲ್ಲಿದ್ದ ತನ್ನ ಪುಡಿಗಾಸನ್ನು ಅವನೂ ಹಾಕಿ ಒಂದು ಪಾಲು ಕೊಂಡ.

ತಲೆ ನರೆತ ವಯಸ್ಸಿನಲ್ಲಿ ಅವನಿಗೆ ಹೊಸ ಹುರುಪು ಬಂತು. ತಗಡಿನ ಶೆಡ್ಡಿನಲ್ಲಿ ಮಂಚ, ಕ್ಯಾಂಟೀನಿನಲ್ಲಿ ಬಿಸಿ ಚಹಾ, ಹೊರಗೆ ಬಂದರೆ ಕಣ್ಣು ತುಂಬ ಪೈರು. ಒಂದು ಸಂಗತಿ ಮಾತ್ರ ಕಣ್ಣಲ್ಲಿ ಕಸ ಬಿದ್ದಂತೆ ಕಾಡತೊಡಗಿತು. ಪೈಪಿನುದ್ದಕ್ಕೂ ತೂಗುಬಿದ್ದ, ನೀರು ಚಿಮ್ಮುವ ಮೂತಿಗಳಲ್ಲಿ ಬೋರಿನ ಹತ್ತಿರದವು ಜಿನುಗುತ್ತಿದ್ದವು, ತುದಿಯವು ಜೋರಾಗಿ ಸುರಿಯುತ್ತಿದ್ದವು. ಇದೆಂಥ ಅನ್ಯಾಯ! ಕೇಳೋಣವೆಂದರೆ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರಮ್ಮ ಹೆರಿಗೆ ರಜೆಯಲ್ಲಿದ್ದಳು. ಗ್ರೀಸ್ ಹಚ್ಚಲು ಯಂತ್ರ ನಿಲ್ಲಿಸಿದ್ದ ದಿನ ನಲ್ಲಿಯಣ್ಣ ಏಣಿ ಹತ್ತಿದವನು ಎಲ್ಲ ಮೂತಿಗಳನ್ನೂ ಬಿಚ್ಚಿ, ಒಂದೇ ಅಳತೆಯವನ್ನು ಸಿಕ್ಕಿಸಿದ. ಟ್ರ್ಯಾಕ್ಟರಿನವನು ಸುಮ್ಮನೆ ಏಣಿ ಹಿಡಿದುಕೊಂಡ. ಮರುದಿನ ಎಲ್ಲ ಮೂತಿಗಳೂ ಒಂದೇ ಸಮ ಸುರಿದವು. ನಲ್ಲಿಯಣ್ಣ ಎರಡು ಲೋಟ ಚಹಾ ಕುಡಿದ.

ಕೆಲವು ವಾರ ಕಳೆಯುವುದರಲ್ಲಿ ಹೊಲದ ನಡುವೆ ಪೈರು ಕೆಸರಿನಲ್ಲಿ ಅಡ್ಡಬಿತ್ತು, ಅಂಚಿನ ಪೈರೆಲ್ಲ ಹಳದಿಗೆ ತಿರುಗಿತು. ರೋಗವಿರಬೇಕು ಎಂದುಕೊಂಡ. ಅಕ್ಕನ ಗಂಟು ಕಣ್ಣೆದುರೇ ಒಣಗುತ್ತಿತ್ತು. ಕೊನೆಗೆ ಅಕ್ಕನಿಗೇ ಫೋನ್ ಮಾಡಿದ.

"ನೀರಲ್ಲಿ ಮೋಸ ಇಲ್ಲಕ್ಕ. ನಡುವಿಗೆ ಎಷ್ಟೋ ಅಂಚಿಗೂ ಅಷ್ಟೇ ಬಿಡ್ತಿದೀನಿ. ನಾನೇ ಸಮ ಮಾಡಿದ್ದು."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಏನಂದೆ? ಆ ಪೈಪು ಸುತ್ತತ್ತೆ ಅಂದಿದ್ದೆಯಲ್ಲೋ. ಕೆಳಗೆ ಅಗಲವಾಗೋ ಘೇರಿನ ಲಂಗ ಹೊಲಿಯೋವಾಗ ಸೊಂಟಕ್ಕೆ ಎಷ್ಟು ಪಟ್ಟಿ ಬೇಕೋ ಅಂಚಿಗೂ ಅಷ್ಟೇ ಸಾಕೇನೋ, ಪೆದ್ದಾ?"

ನಲ್ಲಿಯಣ್ಣ ಫೋನ್ ಹಿಡಿದೇ ಹೊರಗೆ ಬಂದು ಗಾಲಿಗಳನ್ನು ನೋಡಿದ. ಇಷ್ಟು ದಿನ ನೀರನ್ನು ನೋಡಿದ್ದನೇ ಹೊರತು ಗಾಲಿಯನ್ನು ನೋಡಿರಲಿಲ್ಲ. ಬೋರಿನ ಪಕ್ಕದ ಗಾಲಿ ಇದ್ದಲ್ಲೇ ಇದ್ದಂತಿತ್ತು. ತುದಿಯ ಗಾಲಿ ಅಷ್ಟೇ ಹೊತ್ತಿನಲ್ಲಿ ಎಷ್ಟೋ ದೂರ ಸಾಗಿ ಹೋಗಿತ್ತು. ಅಷ್ಟು ನೆಲ ತೋಯಿಸಬೇಕಾದ ಮೂತಿಯ ಬಾಯಿಯನ್ನು ಅವನೇ ಕಟ್ಟಿದ್ದ.

"ಅಯ್ಯೋ ಅಕ್ಕ..." ಎಂದವನೇ ಯಂತ್ರ ನಿಲ್ಲಿಸಲು ಓಡಿದ.

ಇಂಜಿನಿಯರಮ್ಮನಿಗೆ ಫೋನ್ ಮಾಡಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಆಕೆ ಮಗುವನ್ನು ತಟ್ಟುತ್ತಲೇ ಸರಿಯಾಗಿ ಉಗಿದಳು, ಆಮೇಲೆ ಯಾವ ಮೂತಿ ಎಲ್ಲಿಗೆಂದು ಒಂದೊಂದಾಗಿ ಹೇಳಿಕೊಟ್ಟಳು. ಅವನು ಮೂಟೆ ಕಟ್ಟಿ ಎಸೆದಿದ್ದ ಹಳೆಯ ಮೂತಿಗಳನ್ನು ಹೆಕ್ಕಿ ತಂದ. ಸಂಜೆಯೊಳಗೆ ಎಲ್ಲವೂ ತಮ್ಮ ತಮ್ಮ ಜಾಗ ಸೇರಿದವು. ಆಮೇಲೆ ದಿನಾ ಬೆಳಗ್ಗೆ ಎದ್ದವನೇ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಎಲೆ ಮುಟ್ಟಿ ನೋಡುತ್ತಿದ್ದ. ಹಸಿರು ಮರಳಿತು, ಆದರೆ ಎತ್ತರ ಬರಲಿಲ್ಲ.

ಕೊಯ್ಲಿಗೆ ಅಕ್ಕ ಬಂದಳು. ಬಸ್ಸಿಳಿದು ಮೊಣಕಾಲು ಹಿಡಿದುಕೊಂಡು ನೇರ ಹೊಲದಂಚಿಗೇ ನಡೆದಳು. ಕೊಯ್ಲು ಯಂತ್ರ ಒಳಭಾಗದಲ್ಲಿ ಗುಡುಗುತ್ತಿತ್ತು, ಅಂಚಿನ ಗಿಡ್ಡ ಪೈರು ಇನ್ನೂ ನಿಂತಿತ್ತು. ಅಕ್ಕ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳು ಬಾಯಿಗೆ ಹಾಕಿಕೊಂಡಳು.

ನಲ್ಲಿಯಣ್ಣ ತಲೆ ತಗ್ಗಿಸಿ ಹೇಳಿದ: "ಈ ಸಲ ಹೇಳಿದಷ್ಟು ಬರಲ್ಲಕ್ಕ. ನನ್ನ ತಪ್ಪು. ನನ್ನ ಪಾಲೂ ನಿನಗೇ. ಎರಡೂ ಸೇರಿದ್ರೆ ಅಂಗಡಿ ಮುಚ್ಚಬಹುದು. ಮುಚ್ಚಿಬಿಡು, ಈ ಸಹವಾಸ ಬೇಡ."

ಅಕ್ಕ ಕಾಳು ಅಗಿಯುತ್ತಲೇ ಇದ್ದಳು.

"ನಿನ್ನ ಪಾಲು ನೀನೇ ಇಟ್ಕೋ. ನನ್ನದೂ ಇಲ್ಲೇ ಇರಲಿ, ಇನ್ನೊಂದು ವರ್ಷ ಮಿಷನ್ ತುಳೀತೀನಿ."

"ನನ್ನ ನಂಬ್ಕೊಂಡಾ?"

"ಮತ್ಯಾರನ್ನ? ನನ್ನ ಅಂಗಡಿಗೆ ಹೊಲಿಗೆ ಕಲಿಯೋಕೆ ಬಂದ ಹುಡುಗೀರಲ್ಲಿ ಒಂದು ಬಟ್ಟೆ ಹಾಳು ಮಾಡಿ ಅತ್ತವಳ ಕೈಗೇ ಕಣೋ ನಾನು ಕತ್ತರಿ ಕೊಡ್ತಿದ್ದದ್ದು. ಅವಳು ಮತ್ತೆ ಕೆಡಿಸಲ್ಲ."

ಎಷ್ಟೋ ಮನೆಗಳ ಸೋರಿಕೆ ನಿಲ್ಲಿಸಿದ್ದವನಿಗೆ ತನ್ನ ಕಣ್ಣಿನದ್ದು ನಿಲ್ಲಿಸಲಾಗಲಿಲ್ಲ. ಅಕ್ಕ ಅದನ್ನು ನೋಡಿಯೂ ನೋಡದವಳಂತೆ, ಅವನ ಹೆಗಲ ಮೇಲೆ ಭಾರ ಹಾಕಿ, ಇನ್ನೊಂದು ತೆನೆಗೆ ಕೈ ಚಾಚಿದಳು.