ಯಾವ ತಟ್ಟೆ

ಶಿಡ್ಲಘಟ್ಟದ ಬಸ್ ನಿಲ್ದಾಣದ ಎದುರು ಹಫೀಜನದು ಒಂದು ಕಂಪ್ಯೂಟರಿನ ಅಂಗಡಿ. ಅವನ ತಂದೆ ಗೂಡಿನಿಂದ ರೇಷ್ಮೆ ಎಳೆ ತೆಗೆಯುತ್ತಿದ್ದರು. ಇವನು ಸರ್ಕಾರಿ ಟೆಂಡರುಗಳಿಂದ ಅರ್ಥ ಎಳೆಯುತ್ತಾನೆ. ಪೊರಕೆ ಕಟ್ಟುವವರು, ಶಾಲೆಗೆ ಬೆಂಚು ಮಾಡುವವರು ಅವನಲ್ಲಿಗೆ ಬರುತ್ತಾರೆ. ಅವರಿಗೆ ಕೆಲಸ ಗೊತ್ತು, ಅರ್ಜಿ ತುಂಬಲು ಗೊತ್ತಿಲ್ಲ. ಹನ್ನೆರಡು ವರ್ಷಗಳಲ್ಲಿ ಹಫೀಜನನ್ನು ತಬ್ಬಿಬ್ಬು ಮಾಡಿದ್ದು ಒಂದೇ ಪ್ರಕಟಣೆ.

ರೇಷ್ಮೆ ತರಬೇತಿ ಕೇಂದ್ರವೊಂದಕ್ಕೆ ಆರುನೂರು ತಟ್ಟೆ ಬೇಕಿತ್ತು. ಅಳತೆಯ ಜಾಗದಲ್ಲಿ 'ಮಾದರಿಯಂತೆ' ಎಂದಷ್ಟೇ ಇತ್ತು. ಈ ಸೀಮೆಯಲ್ಲಿ ತಟ್ಟೆ ಎಂದರೆ ಹುಳು ಸಾಕುವ ಬಿದಿರಿನದೂ ಹೌದು. ರೇಷ್ಮೆ ಮನೆಯಲ್ಲಿ ಬೆಳೆದ ಹಫೀಜನ ಕಣ್ಣಿಗೆ ಮೊದಲು ಬಂದದ್ದು ಅದೇ. ಮಂಡಿಕಲ್ಲಿನ ವೆಂಕಟರತ್ನಮ್ಮನಿಗೆ ಫೋನು ಮಾಡಿದ. ಬಿದಿರು ಹೆಣೆಯುವ ಹನ್ನೊಂದು ಹೆಂಗಸರ ಸಂಘ ಆಕೆಯದು. ಪ್ಲಾಸ್ಟಿಕ್ ಬಂದ ಮೇಲೆ ಕೇಳುವವರಿಲ್ಲದೆ, ಇಬ್ಬರು ಬರುವ ಸೋಮವಾರದಿಂದ ಗೌರಿಬಿದನೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವವರಿದ್ದರು. ಅವರು ಹೋದರೆ ಉಳಿದವರೂ ಹೊರಡುವರೆಂದು ಆಕೆಗೆ ಗೊತ್ತಿತ್ತು.

ಶುಕ್ರವಾರ ಚಿಕ್ಕಬಳ್ಳಾಪುರದ ಕಚೇರಿಗೆ ಮಾದರಿ ತರಬೇಕಿತ್ತು. ಮೂರಡಿ ಅಗಲದ ಬಿದಿರಿನ ತಟ್ಟೆಯನ್ನು ಹಫೀಜ್, ವೆಂಕಟರತ್ನಮ್ಮ ಇಬ್ಬರೂ ಹಿಡಿದು ಮೆಟ್ಟಿಲು ಹತ್ತಿದರು. ಮೇಲೆ ಕಾದಿದ್ದ ನಾಲ್ವರ ಮಡಿಲಲ್ಲೂ ಪತ್ರಿಕೆಯಲ್ಲಿ ಸುತ್ತಿದ ಸ್ಟೀಲ್ ತಟ್ಟೆ. ಹಫೀಜ್ ಪ್ರಕಟಣೆಯ ಹಾಳೆಯನ್ನು ಮತ್ತೆ ಬಿಡಿಸಿದ. ಓದಿದ್ದು ತಪ್ಪೇ? ಹಾಗಾದರೆ ರೇಷ್ಮೆ ಕೇಂದ್ರ ಎಂದೇಕೆ ಬರೆದರು? ಆದರೆ ತರಬೇತಿಗೆ ಬಂದವರೂ ಉಣ್ಣಬೇಕಲ್ಲ?

ಚಿಂತಾಮಣಿಯ ಪಾತ್ರೆ ವ್ಯಾಪಾರಿ ಸುನೀಲ್‌ಕುಮಾರ್ ನಕ್ಕ. "ಏನಮ್ಮ, ಇದ್ರಲ್ಲಿ ಉಣ್ಣೋರ ಹೊಟ್ಟೆ ಎಷ್ಟಿರ್ಬೇಕು?"

"ನಮ್ಮೋರು ಬರೀ ಎಲೆ ತಿನ್ನೋರು ಕಣಪ್ಪ," ಎಂದಳು ವೆಂಕಟರತ್ನಮ್ಮ. "ಅನ್ನ ಕೇಳಲ್ಲ."

ಒಳಗೆ ಅಧಿಕಾರಿ ಎರಡೂ ಬಗೆಯ ತಟ್ಟೆ ನೋಡಿದರು, ಕಡತ ನೋಡಿದರು, ಕಡೆಗೆ ಗುಮಾಸ್ತನನ್ನು ನೋಡಿದರು. ಗುಮಾಸ್ತ ಕೇಂದ್ರಕ್ಕೆ ಫೋನು ಮಾಡಿದ ಮೇಲೆ ಗಂಟು ಬಿಚ್ಚಿತು. ಅಡುಗೆಮನೆಯವರು ಮುನ್ನೂರು ತಟ್ಟೆ ಕೇಳಿದ್ದರು. ಹುಳುಮನೆಯವರೂ ಮುನ್ನೂರು ಕೇಳಿದ್ದರು. ಹೊರಗಿನಿಂದ ವರ್ಗವಾಗಿ ಬಂದಿದ್ದ ಈ ಗುಮಾಸ್ತ ಎರಡೂ ಒಂದೇ ಎಂದುಕೊಂಡು ಕೂಡಿಸಿಬಿಟ್ಟಿದ್ದ. ಅಧಿಕಾರಿ ಟೆಂಡರು ರದ್ದುಮಾಡಿ, ಮುಂದಿನ ವಾರ ಎರಡು ಬೇರೆ ಬೇರೆ ಪ್ರಕಟಣೆ ಹೊರಡಿಸುವುದಾಗಿ ಹೇಳಿದರು.

ಬಸ್ ನಿಲ್ದಾಣದಲ್ಲಿ ವೆಂಕಟರತ್ನಮ್ಮ ತಟ್ಟೆಯನ್ನು ಕಂಬಕ್ಕೆ ಒರಗಿಸಿದಳು.

"ಹಫೀಜಪ್ಪ, ಗೆದ್ವಾ, ಸೋತ್ವಾ?"

"ನಂಗೂ ಗೊತ್ತಾಗ್ತಿಲ್ಲಮ್ಮ. ತಪ್ಪು ಓದಿದ್ದಂತೂ ಅಲ್ಲ."

"ಸೋಮವಾರ ಹೋಗೋರ್ಗೆ ಏನ್ ಹೇಳ್ಲಿ ಮತ್ತೆ?"

ಮುನ್ನೂರು ತಟ್ಟೆಯ ಕೆಲಸ ಬರುತ್ತದೆಂದು ಅವನು ಮಾತು ಕೊಡಲಾರ. ಬರುವುದಿಲ್ಲವೆಂದೂ ಹೇಳಲಾರ. ಕಡೆಗೆ ಆಕೆಯ ಫೋನನ್ನು ತಾನೇ ತೆಗೆದುಕೊಂಡು, ಹೊರಟಿದ್ದ ಇಬ್ಬರಿಗೂ ಒಂದು ವಾರ ತಡೆಯಲು ಕೇಳಿಕೊಂಡ. ಒಬ್ಬಳು ಒಪ್ಪಿದಳು. ಇನ್ನೊಬ್ಬಳು, ಲಕ್ಷ್ಮಿದೇವಮ್ಮ, ಬಿದಿರು ಸೀಳುತ್ತಲೇ ಇದ್ದಳು. ಆ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಅದನ್ನು ಒಪ್ಪಿಗೆ ಎಂದುಕೊಳ್ಳಬೇಕೋ ಬೇಡವೋ ತಿಳಿಯದೆ, ಹಫೀಜ್ ಫೋನನ್ನು ಕಿವಿಯಿಂದ ತೆಗೆಯಲೇ ಇಲ್ಲ.