ಸುರಂಗದಲ್ಲಿ ಹಾಡಿದ ನನ್ನ ಕೈದಿಗಳು

ಸ್ನೇಹಿತರೇ, ರೋಮನ್ನರು ಗಣಿ ದುಡಿತಕ್ಕೆ ತಳ್ಳಿದ ಆದಿ ಕ್ರೈಸ್ತರ ಬಗ್ಗೆ ನಾನು ಬರೆದ ಕಾದಂಬರಿ ಇಂದು ಅಚ್ಚಾಗಿ ಬಂತು. ಚಾಂಪಿಯನ್ ರೀಫ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಯಲ್ಲಪ್ಪಣ್ಣನಿಗೆ ಒಂದು ಅಧ್ಯಾಯ ಓದಿ ಹೇಳಿದೆ. ಅವರು ಇಲ್ಲಿನ ಚಿನ್ನದ ಗಣಿಯಲ್ಲಿ ಬಂಡೆ ಕೊರೆದವರು. ಕೈದಿಗಳು ಸುರಂಗದಲ್ಲಿ ದುಡಿಯುತ್ತ ಸ್ತೋತ್ರ ಹಾಡುವ ಪುಟದಲ್ಲಿ ತಡೆದರು.

"ಒಳಗಡೆ ಯಾರಪ್ಪಾ ಪದ ಏಳ್ತಾರೆ? ಬಂಡೆ ಬೀಳಕ್ ಮುಂಚೆ ಚಟಚಟ ಅಂತೈತೆ. ಅದನ್ನ ಕೇಳಿಸ್ಕೊಂಡೇ ನಾವು ಬದುಕಿದ್ದು. ನಿನ್ನೋರು ಒಂದಿನಾನೂ ಉಳೀತಿರ್ಲಿಲ್ಲ ಬಿಡು."

"ಪುಸ್ತಕ ಅಚ್ಚಾಗಿಬಿಟ್ಟಿದೆಯಲ್ಲಣ್ಣ."

"ಇಲ್ಲೇ ಇದ್ನಲ್ಲಪ್ಪಾ, ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

ನಾಲ್ಕು ವರ್ಷ ಗ್ರಂಥಾಲಯಗಳನ್ನು ಅಲೆದೆ. ಅಷ್ಟು ದಿನವೂ ಯಲ್ಲಪ್ಪಣ್ಣನನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ, ನಲ್ಲಿಯಲ್ಲಿ ನೀರು ಬಂತಾ ಎಂದು.