ಎರಡು ಡಿಸ್ಕಿಗೆ ಒಂದೇ ಹೆಸರು

ಕೊಪ್ಪದ ಮದುವೆ ವಿಡಿಯೊದವರು ಬಿಡಿಭಾಗ ತರಿಸಿ ತಾವೇ ಜೋಡಿಸಿದ ಕಂಪ್ಯೂಟರಿಗೆ ಆಪಲ್ ಕಂಪನಿಯ ಮ್ಯಾಕ್ ಸಾಫ್ಟ್‌ವೇರ್ ಹಾಕಿಕೊಂಡಿದ್ದರು. ಅದರ ಎರಡೂ ಡಿಸ್ಕಿಗೆ ಮಗಳ ಹೆಸರನ್ನೇ ಇಟ್ಟಿದ್ದರು. ಪ್ರತಿ ಅಪ್‌ಗ್ರೇಡಿಗೂ ಪರದೆ ಸೇಬಿನ ಚಿತ್ರದಲ್ಲೇ ನಿಂತುಬಿಡುತ್ತಿತ್ತು. ಇವರು ಕನ್ನಡಕವನ್ನು ಹಣೆಗೇರಿಸಿ, ಕಾಯುತ್ತಿದ್ದ ಗಿರಾಕಿಗೆ "ಕೂತ್ಕೊಳ್ಳಿ ಮಾರಾಯ್ರೆ, ಈಗ ಬರ್ತದೆ" ಎನ್ನುತ್ತಿದ್ದರು. ಹೇಗೋ ಬರುತ್ತಿತ್ತು.

ಕಳೆದ ಸಲ ಬರಲಿಲ್ಲ. ಹಳೆಯ ಮ್ಯಾಕ್ ಇದ್ದ ಡಿಸ್ಕನ್ನು ಅಳಿಸಿ ಹೊಸದಾಗಿ ಹಾಕಲು ಹೊರಟವರು, ಹೆಸರು ನೋಡಿ, ಮದುವೆಗಳಿದ್ದ ಡಿಸ್ಕನ್ನು ಅಳಿಸಿದರು. ಸೇಬು ಹೋಗಿ ಪರದೆ ಚೆಂದವಾಗಿ ತೆರೆದುಕೊಂಡಿತು. ಒಳಗೆ ಒಂದು ಮದುವೆಯೂ ಇರಲಿಲ್ಲ.

ಅಷ್ಟರಲ್ಲಿ ಕೊಪ್ಪದ ಹತ್ತಿರದ ನಾರ್ವೆ ಊರಿನಿಂದ, ವಿಡಿಯೊ ಮಾಡಿಸಿದ್ದ ಮದುಮಗಳೊಬ್ಬಳ ತಾಯಿ ಬಂದರು. "ವಿಡಿಯೊ ಆಯ್ತಾ? ಹಾಸಿಗೆ ಹಿಡಿದ ನಮ್ಮತ್ತೆ ದಿನಾ ಕೇಳ್ತಾರೆ."

ಇವರು ಕನ್ನಡಕವನ್ನು ಹಣೆಗೇರಿಸಿದರು. ಸ್ಟೂಲು ಎಳೆದುಕೊಟ್ಟು, "ಕೂತ್ಕೊಳ್ಳಿ ಅಮ್ಮ" ಎಂದರು. "ಈಗ ಬರ್ತದೆ" ಎನ್ನುವ ಬದಲು ಕನ್ನಡಕವನ್ನು ಮತ್ತೆ ಕಣ್ಣಿಗಿಳಿಸಿದರು.